ಕಳ್ಳಿಯ ಪಾತ್ರಕ್ಕೆ ಬಲಗಡೆಯ ಹೂವು

ಹಾಡುಗಾರರ ಕೈಗೆ ಪಿಸ್ತೂಲು ಕೊಟ್ಟರೆ ಅವರು ಅದನ್ನು ಬಾಯಿಯ ಹತ್ತಿರ ಹಿಡಿಯುತ್ತಾರೆ. ಇದು ನನಗೆ ಗೊತ್ತಾದದ್ದು ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಮನೆಯ ಜಗಲಿಯಲ್ಲಿ. ಶಿರವಾಡದ ಪ್ರಸನ್ನ ಎಂಬ ಹಾಡುಗಾರ ಆಟದ ಪಿಸ್ತೂಲು ಹಿಡಿದು "ಯಾರೂ ಅಲ್ಲಾಡಬೇಡಿ" ಎನ್ನಬೇಕಿತ್ತು. ಅವನು ಮೊದಲು ಅದರ ತುದಿಯನ್ನು ಎರಡು ಬೆರಳಿನಿಂದ ತಟ್ಟಿ ನೋಡಿದ. ಆಮೇಲೆ ತುಟಿಯ ಹತ್ತಿರ ತಂದು, ಕಣ್ಣು ಮುಚ್ಚಿ, ಆ ಮಾತನ್ನು ಎಷ್ಟು ಇಂಪಾಗಿ ಹೇಳಿದನೆಂದರೆ, ಒಳಗೆ ಒಗ್ಗರಣೆ ಹಾಕುತ್ತಿದ್ದ ನಾನು ನಿಜವಾಗಿಯೂ ಅಲ್ಲಾಡದೆ ನಿಂತುಬಿಟ್ಟೆ. ಸಾಸಿವೆ ಕರಕಲಾಯಿತು. ಮೆಣಸು ಇನ್ನೂ ಹಾಕಿರಲಿಲ್ಲ ಎಂಬುದು ದೇವರು ಅವತ್ತು ಮಾಡಿದ ಮೊದಲ ಉಪಕಾರ. ದೊಡ್ಡ ಉಪಕಾರಗಳು ನನ್ನ ಲೆಕ್ಕಕ್ಕೆ ಸಿಗುವುದಿಲ್ಲ. ಇಂಥ ಸಣ್ಣವನ್ನಾದರೂ ದಿನಕ್ಕೆ ನಾಲ್ಕೈದು ಎಣಿಸಿ ಇಡುತ್ತೇನೆ.

ಪ್ರಸನ್ನನ ಜೋಡಿಯಾಗಿ ಹಾಡುವವಳು ನನ್ನ ತಂಗಿ ಸುಜಾತಾ. ಕಾರವಾರದಿಂದ ಅಂಕೋಲೆಯವರೆಗೆ ಮದುವೆಯ ಆರ್ಕೆಸ್ಟ್ರಾ ಎಂದರೆ ಇವರಿಬ್ಬರೇ. ಒಂದು ಸಾಲು ಕೊಂಕಣಿ, ಒಂದು ಸಾಲು ಕನ್ನಡ ಸೇರಿಸಿ ಕುಣಿಯುವಂಥ ಹಾಡು ಮಾಡಿ ಮೊಬೈಲಿಗೆ ಬಿಟ್ಟರೆಂದರೆ, ಮೀನು ಪೇಟೆಯಲ್ಲಿ ಸುಜಾತಾನ ಅಕ್ಕ ಎಂದು ನನಗೆ ಒಂದು ಬಂಗಡೆ ಹೆಚ್ಚಿಗೆ ಬೀಳುತ್ತಿತ್ತು. ಅಂಥವಳ ಗಂಟಲಿನಲ್ಲಿ ಗಂಟು ಕಾಣಿಸಿಕೊಂಡಿತು. ಒಂದು ವರ್ಷ ಹಾಡಬೇಡ, ಮಾತೂ ಮೆಲ್ಲಗೆ ಆಡು ಎಂದರು ಡಾಕ್ಟರು. ನಮ್ಮಲ್ಲಿಗೆ ಬಂದು ಉಳಿದಳು. ಪಾತ್ರೆ ತೊಳೆಯುವಾಗ ಗುನುಗುವುದೂ ಇಲ್ಲ. ನಲ್ಲಿಯ ನೀರು ಬೀಳುವ ಸದ್ದಷ್ಟೇ ಕೇಳುವ ಆ ಅಡುಗೆಮನೆಯಲ್ಲಿ ನನಗೆ ನಿಲ್ಲಲಾಗುತ್ತಿರಲಿಲ್ಲ.

ಆಗ ಬಂದವರು ಹುಬ್ಬಳ್ಳಿಯ ನಿರ್ದೇಶಕರು. ಕಳ್ಳತನದ ನಗೆ ಸಿನಿಮಾ ಮಾಡುತ್ತಿದ್ದರು. ಮದುವೆ ಹಾಲಿನಲ್ಲಿ ಹಾಡುವ ಜೋಡಿಯೊಂದು ಹಾಡಿನ ನಡುವೆ ಹೆಣ್ಣಿನ ಕಡೆಯವರ ಬಂಗಾರ ಎಗರಿಸುವ ಕತೆ. ಜನರಿಗೆ ಪರಿಚಯದ ಮುಖ ಬೇಕೆಂದು ನಿಜವಾದ ಹಾಡುಗಾರರನ್ನೇ ಹುಡುಕಿ ಬಂದಿದ್ದರು. ಹಾಡನ್ನು ಬೇರೆಯವರಿಂದ ಹಾಡಿಸುತ್ತೇವೆ, ನೀವು ಪಿಸುಗುಟ್ಟಿದರೆ ಸಾಕು, ಕಳ್ಳರು ಮಾತಾಡುವುದೇ ಹಾಗೆ ಎಂದರು. ಎಷ್ಟೋ ತಿಂಗಳ ಮೇಲೆ ಸುಜಾತಾ ನಕ್ಕಳು. ಜಗಲಿಯಲ್ಲಿ ತಾಲೀಮು ಶುರುವಾಯಿತು.

ಯಕ್ಷಗಾನ ಕಟ್ಟಿದ ನಮ್ಮ ಹಿರಿಯರು ಬುದ್ಧಿವಂತರು. ಹಾಡುವ ಭಾಗವತರನ್ನು ಹಿಂದೆ ಕೂರಿಸಿ, ಕುಣಿಯುವವರನ್ನು ಮುಂದೆ ಬಿಟ್ಟರು. ಎರಡನ್ನೂ ಒಬ್ಬರಿಂದಲೇ ಮಾಡಿಸಲು ಹೊರಟರೆ ಏನಾಗುತ್ತದೆಂಬುದನ್ನು ನಾನು ಕಣ್ಣಾರೆ ಕಂಡೆ. ಪ್ರಸನ್ನ ಪ್ರತಿ ಮಾತಿಗೂ ಮೊದಲು ಕಾಲಿನಿಂದ ತಾಳ ಹಾಕುತ್ತಿದ್ದ, ಮಾತು ಮುಗಿದ ಮೇಲೆ ಚಪ್ಪಾಳೆಗೆ ಕಾಯುತ್ತಿದ್ದ. ಕದ್ದ ಮೇಲೆ ಓಡಬೇಕಾದ ಸುಜಾತಾ ಮೊದಲು ಎಲ್ಲರಿಗೂ ಕೈಮುಗಿಯುತ್ತಿದ್ದಳು. ನಿರ್ದೇಶಕರು ಚಹಾದ ಮೇಲೆ ಚಹಾ ಕುಡಿದರು.

ಸಂಜೆ ಸುಜಾತಾ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು. "ಅಕ್ಕಾ, ದೇವಿ ಹತ್ರ ಪ್ರಸಾದ ಕೇಳದೇ ಹೆಂಗೆ ಮಾಡುದು? ಕದಿಯೂ ಪಾತ್ರ ಅಲ್ವೇ."

ನಮ್ಮ ತವರಿನಲ್ಲಿ ಬಾವಿ ತೋಡಲಿ, ಹೆಣ್ಣು ಕೊಡಲಿ, ಮೊದಲು ಅಂಕೋಲೆಯ ಬೊಬ್ರುವಾಡದ ಹತ್ತಿರದ ನಮ್ಮ ದೇವಿಯನ್ನು ಕೇಳಬೇಕು. ಮೂರ್ತಿಯ ಎರಡೂ ಭುಜಕ್ಕೆ ಹೂವಿನ ಎಸಳನ್ನು ಒದ್ದೆ ಮಾಡಿ ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಇಲ್ಲ. ಪ್ರಸಾದ ಕೇಳುವುದೆಂದರೆ ಇದೇ. ನಿರ್ದೇಶಕರಿಗೆ ಇದನ್ನು ಬಿಡಿಸಿ ಹೇಳಿದೆ. "ಮೇಡಂ, ಇದು ಬರೇ ನಟನೆರೀ" ಎಂದರು.

"ನಂಗೆ ಗೊತ್ತದೆ. ದೇವಿಗೂ ಗೊತ್ತಿರ್ತದೆ. ಆದ್ರೂ ಕೇಳ್ಬೇಕು."

"ನಾನು ನಮ್ ಶಿರವಾಡದಲ್ಲಿ ಮೊನ್ನೆನೇ ಕೇಳಿ ಆಯ್ತು" ಎಂದ ಪ್ರಸನ್ನ. "ಅರ್ಧ ಮಿನಿಟಲ್ಲಿ ಬಲಕ್ಕೆ ಬಿತ್ತು."

ಮರುದಿನ ಬೆಳಿಗ್ಗೆ ನಿರ್ದೇಶಕರ ಕಾರಿನಲ್ಲೇ ನಾಲ್ವರೂ ಹೋದೆವು. ನಮ್ಮ ದೇವಿಯ ಪೂಜೆ ಮಾಡುವ ಗುನಗರಿಗೆ ಎಪ್ಪತ್ತು ದಾಟಿದೆ. ಕತೆ ಪೂರ್ತಿ ಹೇಳದೆ ದೇವಿಯನ್ನು ಕೇಳುವುದಿಲ್ಲ ಎಂದು ಹಟ ಹಿಡಿದರು. ನಿರ್ದೇಶಕರು ಹೇಳಿದರು. ಕೊನೆಗೆ ಕಳ್ಳರಿಬ್ಬರೂ ಬಂಗಾರದ ಗಂಟಿನೊಂದಿಗೆ ದೋಣಿ ಹತ್ತಿ ಕಾಳಿ ನದಿ ದಾಟಿ ಪಾರಾಗುತ್ತಾರೆ, ಅದೇ ತಮಾಷೆ. ಗುನಗರು ನಗಲಿಲ್ಲ. ಎಸಳು ಅಂಟಿಸಿ ಕೇಳಿದರು. ಕೈ ಮುಗಿಯುವಷ್ಟರಲ್ಲಿ ಎಡಗಡೆಯ ಎಸಳು ಬಿತ್ತು.

ಸುಜಾತಾ ಸೆರಗು ಸರಿ ಮಾಡಿಕೊಂಡು ಎದ್ದಳು. "ಆಯ್ತು ಅಕ್ಕಾ. ಮನಿಗೆ ಹೋಗುವ" ಎಂದಳು. ಡಾಕ್ಟರ ಮಾತು ಕೇಳಿದ ದಿನವೂ ಅವಳು ಹೀಗೆಯೇ ಎದ್ದಿದ್ದಳು. ಮತ್ತೆ ಆ ಅಡುಗೆಮನೆ, ಆ ನಲ್ಲಿಯ ಸದ್ದು. ನಾನು ಕೂತಲ್ಲಿಂದ ಏಳಲಿಲ್ಲ.

ದೇವರನ್ನು ಕೇಳುವುದಕ್ಕೂ ಒಂದು ಹದವಿದೆ. ನಮ್ಮ ಆಯಿ ಹಿಂದೊಮ್ಮೆ ಬಾವಿ ತೋಡಲೇ ಎಂದು ಕೇಳಿದಾಗ ಎಡಕ್ಕೆ ಬಿದ್ದಿತ್ತು. ಕೊಟ್ಟಿಗೆಯ ಆಚೆಗೆ ತೋಡಲೇ ಎಂದು ಕೇಳಿದಾಗ ಬಲಕ್ಕೆ ಬಿತ್ತು, ನೀರೂ ಬಂತು. ದೇವಿ ಇಲ್ಲವೆನ್ನುವವಳಲ್ಲ, ನಮಗೆ ಕೇಳಲು ಬರುವುದಿಲ್ಲ. ಗಂಡನ ಹತ್ತಿರ ಸೀರೆ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲದೆ ಬೆಣ್ಣೆ ಕದ್ದ ದೇವರನ್ನು ತೊಟ್ಟಿಲಲ್ಲಿಟ್ಟು ತೂಗುವ ಜನ ನಾವು. ಕಳ್ಳತನ ಎಂದಕೂಡಲೇ ದೇವಿ ಮುಖ ತಿರುಗಿಸಿದ್ದಾಳೆಂದು ನನಗೆ ಅನ್ನಿಸಲಿಲ್ಲ. ಬಂಗಾರ ಹೋದ ಮದುಮಗಳ ಗತಿ ಏನೆಂದು ಅವಳು ಕೇಳುತ್ತಿರಬೇಕು.

"ಕಡಿಗೆ ಬಂಗಾರ ವಾಪಸ್ ಕೊಟ್ರೆ ಆಗ್ತದ್ಯಾ ಕೇಳಿ" ಎಂದೆ.

ಗುನಗರು ಹೊಸ ಎಸಳು ಅಂಟಿಸಿದರು. ಯಾವುದೂ ಬೀಳಲಿಲ್ಲ. ಶೂಟಿಂಗಿಗೆ ದಿನ ಗೊತ್ತುಮಾಡಿಟ್ಟಿದ್ದ ನಿರ್ದೇಶಕರಿಗೆ ತಡೆಯಲಾಗಲಿಲ್ಲ. "ಬೇಕಂದ್ರ ಇಬ್ಬರನ್ನೂ ಜೈಲಿಗೂ ಹಾಕೋಣು ಅಂತ ಹೇಳ್ರಿ" ಎಂದರು.

"ಎಷ್ಟು ದಿವ್ಸ?" ಎಂದರು ಗುನಗರು.

"ನನ್ನ ಎಂತಕ್ಕೆ ಹಾಕ್ತ್ರಿ?" ಪ್ರಸನ್ನನಿಗೆ ಸಿಟ್ಟು ಬಂತು. "ನಂಗೆ ಬಲಕ್ಕೆ ಬಿದ್ದದೆ."

ಅದೂ ನ್ಯಾಯವೇ. ಶಿರವಾಡದ ದೇವರು ಪಾರಾಗು ಎಂದವನನ್ನು ಅಂಕೋಲೆಯ ದೇವಿ ಜೈಲಿಗೆ ಹಾಕುವುದು ಹೇಗೆ? ಮುಕ್ಕಾಲು ಗಂಟೆ ಕಳೆಯಿತು. ಎಸಳು ಅಂಟಿದಲ್ಲೇ ಇತ್ತು. ಸುಜಾತಾ ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡೇ ನಿಂತಿದ್ದಳು. ನಾನು ಎದ್ದು ಕಂಬದ ಹತ್ತಿರ ಅತ್ತಿತ್ತ ಓಡಾಡಿದೆ. ಅವನು ಕದಿಯಲೇಬೇಕು, ಇವಳು ಕದಿಯಬಾರದು. ಬಂಗಾರ ಹೋಗಬೇಕು, ಹೋಗಲೂಬಾರದು. ಕೂಡು ಕುಟುಂಬದಲ್ಲಿ ಹದಿನೆಂಟು ವರ್ಷ ಅಡುಗೆ ಮಾಡಿದವಳಿಗೆ ಇದು ಅಷ್ಟೇನೂ ಕಷ್ಟದ ಲೆಕ್ಕವಲ್ಲ.

"ಗುನಗರೇ, ಹಿಂಗೆ ಕೇಳಿ" ಎಂದೆ. "ಕದಿಯುದು ಅವ. ಇವಳು ಕದಿಯುದಿಲ್ಲ. ಅವ ಕದ್ದದ್ದನ್ನ ಅವನಿಗೆ ತಿಳಿಯದಂಗೆ ತೆಗ್ದು, ಮತ್ತೆ ಅಲ್ಲೇ ಇಟ್ಟು ಬರ್ತಾಳೆ. ಪ್ರತಿ ಮದಿವಿಲೂ. ಪೊಲೀಸ್ರು ಎಂತಕ್ಕೆ ಬರುದಿಲ್ಲ ಅಂತ ಅವನಿಗೆ ಕಡಿವರಿಗೂ ತಿಳಿಯುದೇ ಇಲ್ಲ."

ನಿರ್ದೇಶಕರು ಕನ್ನಡಕ ತೆಗೆದರು. "ಮೇಡಂ, ಇನ್ನೊಮ್ಮೆ ಹೇಳ್ರಿ" ಎಂದರು.

"ಅಂದ್ರೆ ಸಿನಿಮಾ ತುಂಬಾ ಪೆದ್ದ ಆಗುದು ನಾನೇಯ?" ಎಂದ ಪ್ರಸನ್ನ.

"ಜೈಲಿಗಿಂತ ಅಡ್ಡಿಲ್ಲ ಮಾರಾಯ" ಎಂದ ಗುನಗರು, ಆ ದಿನ ಮೊದಲ ಸಲ ಬೊಚ್ಚುಬಾಯಿ ತೆರೆದು ನಕ್ಕರು. ದೇವಿಯ ಕಡೆ ತಿರುಗಿ ಎಲ್ಲವನ್ನೂ ಹೇಳಿದರು. ಬಲಗಡೆಯ ಎಸಳು ಸ್ವಲ್ಪ ಅಲುಗಿ, ಜಾರಿ, ಪಾದದ ಹತ್ತಿರ ಬಿತ್ತು. ಸುಜಾತಾ ಚಪ್ಪಲಿ ಕಳಚಿ ಒಳಗೆ ಬಂದು ಅಡ್ಡಬಿದ್ದಳು. ಎಷ್ಟು ಹೊತ್ತಾದರೂ ಏಳಲಿಲ್ಲ. ಅವಳ ಬೆನ್ನು ನಡುಗುತ್ತಿತ್ತು. ನಗುವೋ ಅಳುವೋ ನಾನು ಕೇಳಲಿಲ್ಲ.

ಸಿನಿಮಾ ಆಯಿತು. ತಿರುಗಿ ಇಡುವ ದೃಶ್ಯಗಳಲ್ಲಿ ಅವಳಿಗೆ ಮಾತೇ ಇಲ್ಲ, ಗಂಟಲಿಗೆ ಪೂರ್ತಿ ವಿಶ್ರಾಂತಿ. ಹೆದರಿಕೊಂಡು ಸರವನ್ನು ಪೆಟ್ಟಿಗೆಯಲ್ಲಿಟ್ಟು, ಮದುಮಗಳ ಸೀರೆಯ ಮಡಿಕೆಯನ್ನೂ ಸರಿಮಾಡಿ ಬರುವ ಅವಳನ್ನು ನೋಡಿ ಜನ ನಕ್ಕೂ ನಕ್ಕರು, ಕಣ್ಣೂ ಒರೆಸಿಕೊಂಡರು. ಈಗ ಮದುವೆ ಮನೆಗೆ ಹೋದರೆ ಹೆಂಗಸರು ಅವಳ ಸುತ್ತ ನೆರೆದು, "ಬಾಯೀ, ನಮ್ದೊಂದು ಸರ ಹೋದ ವರ್ಷ ಕಳೆದದೆ, ವಾಪಸ್ ಇಟ್ಟು ಹೋಗಿ" ಎಂದು ಕೀಟಲೆ ಮಾಡುತ್ತಾರೆ. ನಿರ್ದೇಶಕರು ಮುಂದಿನ ಕತೆಗೂ ಅವಳನ್ನೇ ಕರೆದಿದ್ದಾರೆ. ಮೊನ್ನೆ ಪಾತ್ರೆ ತೊಳೆಯುತ್ತ, ಎರಡೇ ಸಾಲು, ಮೆಲ್ಲಗೆ ಗುನುಗಿದಳು. ಅದನ್ನು ನಾನು ಎರಡು ಉಪಕಾರವೆಂದು ಎಣಿಸಿದೆ.

ಒಂದು ಮಾತು ಮಾತ್ರ ಇದುವರೆಗೆ ಯಾರಿಗೂ ಹೇಳಿಲ್ಲ. ಮೂರನೆಯ ಪ್ರಶ್ನೆಗೆ ಮೊದಲು ಕಂಬದ ಹತ್ತಿರ ಓಡಾಡಿದೆನಲ್ಲ, ಆಗ ಗುನಗರು ಪಾಪ ಬೆವರುತ್ತಿದ್ದಾರೆಂದು ಅಲ್ಲಿದ್ದ ಫ್ಯಾನಿನ ಸ್ವಿಚ್ಚು ಹಾಕಿದ್ದೆ. ಗಾಳಿ ಗರ್ಭಗುಡಿಯವರೆಗೂ ಹೋಗುತ್ತದೆಂದು ತಿಳಿದಿರಲಿಲ್ಲ ಎಂದರೆ ನಿಮ್ಮೆದುರು ಸುಳ್ಳು ಹೇಳಿದಂತಾಗುತ್ತದೆ. ಆದರೆ ದೇವಿಯ ಎರಡೂ ಭುಜದ ಮೇಲೆ ಎಸಳಿತ್ತು, ಎರಡಕ್ಕೂ ಗಾಳಿ ತಾಗಿತ್ತು. ಫ್ಯಾನು ಹಾಕಿದವಳು ನಾನು. ಬಲಗಡೆಯದನ್ನೇ ಬೀಳಿಸಿದವಳು ಅವಳು.