ಉದ್ದವ್ವನ ಸುಣ್ಣದ ಗೆರೆ

ಬೆಳಕು ಹರಿಯುವ ಹೊತ್ತು. ಗೋಕಾಕ ತಾಲ್ಲೂಕಿನ ಮಮದಾಪುರದ ಹೊರಗಿನ ತೋಟದ ವಸ್ತಿಯಲ್ಲಿ ಉದ್ದವ್ವ ಅಂಗನವಾಡಿಯ ಕಟ್ಟೆಯ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು ಗಾಜಿನ ಚೂರು ಆರಿಸುತ್ತಿದ್ದಾರೆ. ಕುಡಿದವರು ಬಾಟಲಿ ಒಡೆದು ಹೋಗಿದ್ದಾರೆ. ಗುಡಿಸಿದ ಮೇಲೆ ಬರಿಗೈಯಿಂದ ಇಡೀ ಕಟ್ಟೆಯನ್ನು ಸವರುತ್ತಾರೆ. "ನನ್ನ ಕೈಗೆ ಚುಚ್ಚಿದ್ರ ಅವಕ್ಕ ಚುಚ್ಚೂದಿಲ್ಲ ನೋಡ್ರಿ" ಎನ್ನುತ್ತಾರೆ. ಕುಡಿದವರು ಯಾರೆಂದು ವಸ್ತಿಗೆಲ್ಲ ಗೊತ್ತು. ಕೇಳುವ ಗಂಡಸು ಒಬ್ಬನೂ ಇಲ್ಲ.

ಆಮೇಲೆ ಸುಣ್ಣದ ಡಬ್ಬಿ ಬರುತ್ತದೆ. ಈ ಅಂಗನವಾಡಿಗೆ ಕಂಪೌಂಡ್ ಇಲ್ಲ. ಅಂಗಳ ಮುಗಿದಲ್ಲೇ ಡಾಂಬರು ರಸ್ತೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ದೊಡ್ಡದಾಗಿ ಹಾಡು ಹಚ್ಚಿಕೊಂಡು ಓಡುತ್ತವೆ. ಎದುರಿಗೆ ಯಾರು ಕೂಗಿದರೂ ಡ್ರೈವರನಿಗೆ ಕೇಳುವುದಿಲ್ಲ. ರಸ್ತೆಗಿಂತ ಸಾಕಷ್ಟು ಈಚೆಗೆ ಉದ್ದವ್ವ ದಿನಾ ಒಂದು ಬಿಳಿ ಗೆರೆ ಎಳೆಯುತ್ತಾರೆ. ಮಕ್ಕಳು ಅದನ್ನು ದಾಟುವಂತಿಲ್ಲ. ಇದ್ದುದರಲ್ಲಿ ಅದೇ ಗೋಡೆ.

ಉದ್ದವ್ವ ಇಲ್ಲಿ ಸಹಾಯಕಿ. ಕುರಿ ಕಾಯುವ ಮನೆತನದ ಮಗಳು. ಮದುವೆಯಾಗುವವರೆಗೂ ಅಪ್ಪನ ಹಿಂಡಿನ ಹಿಂದೆ ಹುಕ್ಕೇರಿ, ಮೂಡಲಗಿ ಸೀಮೆಯೆಲ್ಲ ಅಲೆದವರು. ಗಂಡ ಸತ್ತ ಮೇಲೆ ಈ ಕೆಲಸಕ್ಕೆ ಬಂದರು. ಮಕ್ಕಳು ಅವರನ್ನು 'ಆಯಿ' ಎನ್ನುತ್ತವೆ.

ಮಕ್ಕಳು ಬರುವಾಗ ಅವರು ಬಾಗಿಲಲ್ಲೇ ನಿಂತಿರುತ್ತಾರೆ. ಒಂದೊಂದರ ಕುತ್ತಿಗೆಯ ಹಿಂದೆ ಕೈ ಇಟ್ಟು ನೋಡುತ್ತಾರೆ. ಕಳೆ ತೆಗೆಯಲು ಹೋಗುವ ತಾಯಂದಿರು ಜ್ವರದ ಔಷಧಿ ಕುಡಿಸಿ ಕಳಿಸುತ್ತಾರೆ. ಹೊತ್ತೇರಿದಂತೆ ಜ್ವರವೂ ಏರುತ್ತದೆ. ಅಂಥ ಮಗುವನ್ನು ಉದ್ದವ್ವ ಮನೆಗೆ ಅಟ್ಟುವುದಿಲ್ಲ, ಒಳಕೋಣೆಯಲ್ಲಿ ಬೇರೆ ಚಾಪೆ ಹಾಸಿ ಮಲಗಿಸಿ, ತಾಯಿಗೆ ಹೇಳಿ ಕಳಿಸುತ್ತಾರೆ. ಆಮೇಲೆ ಎಲ್ಲರ ಕಿಸೆಗೂ ಕೈ ಹಾಕುತ್ತಾರೆ. ಶೇಂಗಾ, ಗುಂಡಿ, ಗಡಿಯಾರದ ಶೆಲ್ ಸಿಗುತ್ತವೆ. ಗಂಟಲಲ್ಲಿ ಸಿಕ್ಕೊಂಡ ಮೇಲೆ ಬೆನ್ನು ಗುದ್ದುವುದಕ್ಕಿಂತ ಈಗಲೇ ಕಸಿದುಕೊಳ್ಳುವುದು ಚಲೋ ಎಂಬುದು ಅವರ ಲೆಕ್ಕ.

ಒಂದನ್ನು ಮಾತ್ರ ಅವರು ಮಾಡುವುದಿಲ್ಲ. ಕೈ ಎತ್ತುವುದಿಲ್ಲ. ಮಗುವನ್ನು ಸೇರಿಸುವ ದಿನವೇ "ಎರಡು ಬಿಗೀರಿ, ಶ್ಯಾಣೇ ಆಗಲಿ" ಎಂದು ಹೇಳಿ ಹೋಗುವ ಅಪ್ಪಂದಿರು ನಮ್ಮಲ್ಲಿ ಕಡಿಮೆಯಿಲ್ಲ. ತಾವು ತಿಂದ ಏಟಿನಿಂದ ತಾವೆಷ್ಟು ಜಾಣರಾದೆವೆಂದು ಒಬ್ಬನೂ ಯೋಚಿಸುವುದಿಲ್ಲ.

ಈ ಹಟಕ್ಕೆ ಹೋದ ಹಂಗಾಮಿನಲ್ಲಿ ಪೆಟ್ಟು ಬಿತ್ತು. ಭೀಮಶಿ ಎಂಬ ಹುಡುಗ ಹೊಸದಾಗಿ ಬಂದಿದ್ದ. ನಡೆಯಲು ಕಲಿತಾಗಿನಿಂದ ತಂದೆ ಮಾಲಿಂಗಪ್ಪನ ಹಿಂಡಿನ ಜೊತೆ ಅಡವಿಯಲ್ಲೇ ಬೆಳೆದವನು. ಮಕ್ಕಳೊಂದಿಗೆ ಮಾತಿಲ್ಲ, ಆಟವಿಲ್ಲ. ಒಂದು ದಿನ ಅವನು ಒಗೆದ ಕಲ್ಲು ಪ್ರಣಿತಾ ಎಂಬ ಹುಡುಗಿಯ ಹಣೆಗೆ ಬಡಿದು ರಕ್ತ ಬಂತು. ಪ್ರಣಿತಾ ರಸ್ತೆಯಾಚೆಯ ಜೈನರ ಮನೆಯ ಕೂಸು. ಅವಳಜ್ಜಿ ಜಿನ್ನವ್ವ ಬೈದುಕೊಳ್ಳುತ್ತಲೇ ರಸ್ತೆ ದಾಟಿ ಬಂದರು. ಕುರಿ ಹಿಂದೆ ಇರಬೇಕಾದವನನ್ನು ಮಕ್ಕಳೊಳಗೆ ಯಾಕೆ ಬಿಟ್ಟಿರಿ, ಎಲ್ಲರೆದುರಿಗೆ ಹೊಡೆಯಿರಿ, ಇಲ್ಲವೇ ಹೆಸರು ತೆಗೆಯಿರಿ ಎಂದರು. ಸುದ್ದಿ ಕೇಳಿ ಓಡಿಬಂದ ಮಾಲಿಂಗಪ್ಪ ಕೋಲು ಎತ್ತಿಕೊಂಡೇ ಬಂದಿದ್ದ. ತಾನೇ ನಾಲ್ಕು ಬಾರಿಸುತ್ತೇನೆ, ಹುಡುಗನನ್ನು ಇಟ್ಟುಕೊಳ್ಳಿ ಎಂದು ಬೇಡಿಕೊಂಡ. ಇಲ್ಲಿಂದ ಹೊರಬಿದ್ದರೆ ಮಗ ಮತ್ತೆ ಅಡವಿಗೇ ಎಂಬುದು ಅವನಿಗೂ ಗೊತ್ತಿತ್ತು. ನಾಲ್ಕೇಟಿಗೆ ಜಗಳ ಮುಗಿಯುತ್ತದೆಂದು ಅಂಗನವಾಡಿಯ ಟೀಚರಿಗೂ ಅನಿಸಿತು.

ಉದ್ದವ್ವ ಮಾತ್ರ ಹುಡುಗನ ಮುಂದೆ ಕುಳಿತು ಕೇಳಿದರು.

"ಕಲ್ಲು ಒಗಿ ಅಂತ ಯಾರ ಹೇಳಿದ್ರೋ?"

"ನೀನ ಹೇಳಿದಿ, ಆಯಿ."

ಹೌದು, ಹೇಳಿದ್ದರು. ಒಲೆಯ ಮೇಲಿನ ಬೇಳೆ ಇಳಿಸಲು ಒಳಗೆ ಹೋಗುವಾಗ, ಯಾರೂ ಗೆರೆ ದಾಟದಂತೆ ನೋಡಿಕೋ ಎಂದಿದ್ದರು. ಹಿಂಡು ಬಿಟ್ಟು ಬೆಳೆಗೆ ನುಗ್ಗುವ ಕುರಿಯ ಮುಂದೆ ಸಣ್ಣ ಕಲ್ಲು ಒಗೆದು ತಿರುಗಿಸುವುದು ಕುರಿ ಕಾಯುವವರ ಪದ್ಧತಿ. ಕಲ್ಲು ಕುರಿಗೆ ತಾಗಬಾರದು, ಅದರ ಮೂಗಿನ ಮುಂದೆ ಬೀಳಬೇಕು. ಪ್ರಣಿತಾ ಗೆರೆ ದಾಟಿ ಓಡಿದಳು, ಹುಡುಗ ತನಗೆ ಗೊತ್ತಿದ್ದ ಒಂದೇ ವಿದ್ಯೆ ಮಾಡಿದ. ಅವಳು ಕುರಿಗಿಂತ ಜೋರಾಗಿ ಓಡಿದಳು.

"ಕಾಯಿ ಅಂತ ಹೇಳಿದಾಕಿ ನಾನು, ಹೆಂಗ ಕಾಯಬೇಕಂತ ಹೇಳಲಿಲ್ಲ" ಎಂದರು ಉದ್ದವ್ವ. "ಬಡಿಯೂದಿದ್ರ ನನ್ನ ಬಡೀರಿ."

ಜಿನ್ನವ್ವ ಬಗ್ಗಲಿಲ್ಲ. "ನಾಳಿ ಕಣ್ಣ ಹೋದ್ರ ನಿನ್ನ ಕಣ್ಣ ಕೊಡ್ತಿಯೇನ?" ಎಂದು ಕೇಳಿ ಮೊಮ್ಮಗಳನ್ನು ಕರೆದುಕೊಂಡು ಹೋದವರು ಮತ್ತೆ ಕಳಿಸಲಿಲ್ಲ. ಅದು ತಪ್ಪು ಪ್ರಶ್ನೆಯಲ್ಲ.

ಮರುದಿನದಿಂದ ಅವರು ಭೀಮಶಿಯನ್ನು ಪಕ್ಕದಲ್ಲೇ ಇಟ್ಟುಕೊಂಡರು. ಊಟಕ್ಕೆ ಮುಂಚೆ ಎಲ್ಲರ ಕೈಗೆ ನೀರು ಹಾಕುವ ಕೆಲಸ ಅವನದು. ಯಾರ ಕೈಗೆ ಹಾಕುತ್ತಾನೋ ಅವರ ಹೆಸರು ಹೇಳಬೇಕು. ಅಷ್ಟು ದಿನವಾದರೂ ಹುಡುಗನಿಗೆ ಒಬ್ಬರ ಹೆಸರೂ ಗೊತ್ತಿರಲಿಲ್ಲ, ಯಾರೂ ಹೇಳಿಯೂ ಇರಲಿಲ್ಲ. ಹೆಸರು ಬಂದ ಮೇಲೆ ಕಲ್ಲು ಬಿಟ್ಟ. ಯಾರಾದರೂ ಗೆರೆಯ ಕಡೆ ಓಡಿದರೆ ಹೆಸರು ಹಿಡಿದು ಕೂಗುತ್ತಿದ್ದ.

ಆದರೆ ಹಿಂಡಿನಲ್ಲಿ ಬೆಳೆದವನಿಗೆ ಒಂದು ಕಡಿಮೆಯಾದರೂ ಸಮಾಧಾನವಿಲ್ಲ. ಬಾರದವಳ ಹೆಸರನ್ನೂ ಉದ್ದವ್ವನಿಂದ ಕೇಳಿಕೊಂಡ. ಮನೆಗೆ ಹೋಗುವ ಹೊತ್ತಿಗೆ ದಿನಾ ಗೆರೆಯ ಮೇಲೆ ನಿಂತು, ರಸ್ತೆಯಾಚೆಯ ಮನೆಯ ಕಡೆ ಮುಖ ಮಾಡಿ, "ಪ್ರಣಿತಾ" ಎಂದು ಗಂಟಲು ಹರಿಯುವಂತೆ ಕೂಗತೊಡಗಿದ. ಯಾರು ಸುಮ್ಮನಿರಿಸಿದರೂ ಕೇಳಲಿಲ್ಲ. ಕೊನೆಗೆ ಒಂದು ಮುಂಜಾನೆ ಜಿನ್ನವ್ವನೇ ಹುಡುಗಿಯ ಕೈ ಹಿಡಿದುಕೊಂಡು ಬಂದರು. "ಇವನ ಬಾಯಿಗೆ ನನ್ನ ಕಿವಿ ಹ್ವಾದೂ. ತಗೋಳವಾ, ತನ್ನ ಕುರಿ ಎಣಿಸ್ಕೋ ಅನ್ನು ಅವಗ" ಎಂದರು. ಆಮೇಲೆ ಹಲವು ದಿನ ಕಟ್ಟೆಯ ಮೇಲೆ ಕುಳಿತು ಕಾವಲು ಕಾದದ್ದೂ ಅವರೇ.

ಈ ಜೂನ್‌ನಲ್ಲಿ ಭೀಮಶಿ ಶಾಲೆಯ ಒಂದನೇ ಇಯತ್ತೆಗೆ ಹೋಗುತ್ತಾನೆ. ಕಂಪೌಂಡ್ ಬೇಕು, ಪಗಾರ ಹೆಚ್ಚಬೇಕು ಎನ್ನುತ್ತಾರೇನೋ ಎಂದುಕೊಂಡು, ನಿಮಗೇನು ಆಗಬೇಕು ಎಂದು ಉದ್ದವ್ವನನ್ನು ಕೇಳಿದರೆ, ಅವರ ಚಿಂತೆ ಬೇರೆಯೇ ಇದೆ.

"ಸಾಲಿ ಚಾಲೂ ಆಗೂ ದಿನ ನಾನೂ ಒಂದು ಗಳಿಗಿ ಹೋಗಿ ಬರಬೇಕಂತ ಮಾಡೇನ್ರಿ. ಮಾಸ್ತರಗ ಒಂದ ಮಾತು ಹೇಳೂದೈತಿ. ಇಂವಾ ಹೆಸರ ಹಿಡದ ಕರದ್ರ ಬರತಾನು, ಕೈ ಎತ್ತಿದ್ರ ಅಡವಿಗೆ ಹೊಕ್ಕಾನು."