ಹಮೀದಾಕರ ಇಪ್ಪತ್ತು ನಿಮಿಷ

ಸ್ನೇಹಿತರೇ, ಈ ಕೊಲ್ಲಿ ದೇಶದಲ್ಲಿ ನಾವು ಕೆಲಸಕ್ಕೆ ಹೋಗುವ ಸಿತ್ರಾ ವ್ಯಾನಿನಲ್ಲಿ ಒಂದು ಕಾನೂನಿದೆ. ಚಾಲಕ ತಡ ಮಾಡಿದರೆ ಎಲ್ಲರಿಗೂ ಕರಕ್ ಚಹಾ ಕುಡಿಸಬೇಕು. ಮಂಜು, ದೂಳುಗಾಳಿ, ಅಪಘಾತ ಇದ್ದರೆ ಮಾತ್ರ ವಿನಾಯಿತಿ. ಕಾನೂನು ಮಾಡಿದವಳು ನಾನೇ.

ಇವತ್ತು ಕಣ್ಣು ಬಿಟ್ಟಾಗಲೇ ವ್ಯಾನ್ ಬರುವ ಹೊತ್ತಾಗಿತ್ತು. ಹೇಗೋ ತಯಾರಾಗಿ, ವ್ಯಾನ್ ತಪ್ಪಿತು, ಒಂದು ರಜೆ ಹೋಯಿತೆಂದುಕೊಂಡೇ ಜಿಂಜ್ ಬಡಾವಣೆಯ ನನ್ನ ಮನೆಯ ಮೆಟ್ಟಿಲಿಳಿದು ಓಡಿದರೆ ವ್ಯಾನ್ ಅಲ್ಲೇ ನಿಂತಿತ್ತು. ನಮ್ಮ ಚಾಲಕ, ಉಳ್ಳಾಲದ ಹಮೀದ್ ಕಾಕಾ, ನಮ್ಮೆಲ್ಲರ ಬಾಯಲ್ಲಿ ಹಮೀದಾಕ, "ನಾನೂ ಈಗ ಬಂದದ್ದು ಮೇಡಂ, ಹತ್ತಿ" ಎಂದರು. ಹೋದ ಜೀವ ಬಂದಂತಾಯಿತು.

ಮುಂದಿನ ಸ್ಟಾಪಿನಲ್ಲಿ ಕಾದು ಸುಸ್ತಾಗಿದ್ದ ದಾವಣಗೆರೆಯ ಇಂಜಿನಿಯರ್ ಹತ್ತುತ್ತಲೇ, "ಇಪ್ಪತ್ತು ನಿಮಿಷ ಲೇಟು. ಮಂಜೂ ಇಲ್ಲ, ದೂಳೂ ಇಲ್ಲ. ಕರಕ್ ಕುಡಿಸ್ರಿ" ಎಂದರು.

"ಹೌದು, ಕಾನೂನು ಅಂದ್ರೆ ಕಾನೂನು" ಎಂದೆ ನಾನೂ.

ಪ್ರತಿ ಸಲ ವಾದಕ್ಕಿಳಿಯುವ ಹಮೀದಾಕ ಇವತ್ತು ಸೀದಾ ಚಹಾದಂಗಡಿಯ ಮುಂದೆ ವ್ಯಾನ್ ನಿಲ್ಲಿಸಿದರು.

ಅವರು ಕೊಡಿಸಿದ ಕರಕ್ ಹೀರುತ್ತ ಫೋನ್ ತೆಗೆದೆ. ಸೈಲೆಂಟಿನಲ್ಲಿತ್ತು. ಹಮೀದಾಕರ ನಾಲ್ಕು ಮಿಸ್ಡ್ ಕಾಲ್. ಮೊದಲನೆಯದು ವ್ಯಾನ್ ಬರಬೇಕಾದ ಸಮಯಕ್ಕೆ ಸರಿಯಾಗಿ.

ಹಮೀದಾಕರಿಗೆ ತಡವಾದದ್ದು ನನಗಾಗಿ ಕಾದಿದ್ದರಿಂದ ಎಂದು ಎಲ್ಲರೆದುರು ಒಪ್ಪಿಕೊಂಡೆ. ಮನಸ್ಸು ಹಗುರಾಯಿತು. "ನಾಳೆ ಕರಕ್ ನನ್ನದು" ಎಂದೆ.

"ಕರಕ್ ಎಲ್ಲ ಬೇಡ ಮೇಡಂ" ಎಂದರು ಹಮೀದಾಕ. "ನೀವು ಅಲಾರಂ ಒಂದು ಇಡಿ, ಸಾಕು."