ತಟ್ಟಿ ಹಾಕುವ ಬಾಗಿಲು

ಟೈಲರಕ್ಕನ ಗಂಡ ಬಾಗಿಲು ಹಾಕುವ ಮುನ್ನ ತಟ್ಟುತ್ತಾನೆ. ಒಳಗೆ ಬರುವಾಗ ಎಲ್ಲರೂ ತಟ್ಟುತ್ತಾರೆ. ಇವನು ಹೊರಗೆ ಹೋಗುವಾಗ ತಟ್ಟುತ್ತಾನೆ. ಬಚ್ಚಲಾಗಲಿ, ಬಟ್ಟೆಯ ಕಪಾಟಾಗಲಿ, ಬೆರಳ ಗೆಣ್ಣಿನಿಂದ ತಟ್ಟಿ, ಒಂದು ಗುಟುಕು ನೀರು ನುಂಗುವಷ್ಟು ಹೊತ್ತು ತಲೆ ತಗ್ಗಿಸಿ ನಿಂತು, ಆಮೇಲೆ ಚಿಲಕ ಎಳೆಯುತ್ತಾನೆ. ನೌಕಾಪಡೆಯ ನಾವಿಕರ ವಸತಿಸಾಲಿನಲ್ಲಿ ಇದು ಎಲ್ಲರಿಗೂ ಗೊತ್ತು. ಕೆಳಗಿನ ಮನೆಯಲ್ಲಿರುವ, ಹಡಗಿನ ಅಡುಗೆಯವನ ಹೆಂಡತಿ ಮಾತ್ರ ಅದನ್ನು ಬಾಯಿಬಿಟ್ಟು ಆಡುವವಳು. ‘ನಿಮ್ಮೆಜಮಾನ್ರು ಕಪಾಟಿಗೂ ಮರ್ಯಾದೆ ಕೊಡ್ತಾರಪ್ಪ’ ಎನ್ನುತ್ತಾಳೆ. ಟೈಲರಕ್ಕ ಹೊಲಿಗೆಯಿಂದ ತಲೆ ಎತ್ತುವುದಿಲ್ಲ.

ಅಕ್ಕ ಎಂದು ಕರೆಸಿಕೊಳ್ಳುವಷ್ಟು ವಯಸ್ಸೇನೂ ಅವಳಿಗಾಗಿಲ್ಲ. ಸಾಲಿನ ಅರ್ಧದಷ್ಟು ಸಮವಸ್ತ್ರಗಳು ಅವಳ ಯಂತ್ರದ ಕೆಳಗೆ ಹಾದುಹೋಗುವುದರಿಂದ ಆ ಹೆಸರು ನಿಂತಿದೆ. ಬಡ್ತಿ ಸಿಕ್ಕವರ ತೋಳಿನ ಹಳೆಯ ಪಟ್ಟಿ ಬಿಚ್ಚಿ ಹೊಸದನ್ನು ಹೊಲಿಯುವುದು ಅವಳ ಮುಖ್ಯ ಕೆಲಸ. ಬಿಚ್ಚಿದ ಜಾಗದಲ್ಲಿ ಸೂಜಿಯ ತೂತುಗಳು ಸಾಲಾಗಿ ಉಳಿಯುತ್ತವೆ. ಇಸ್ತ್ರಿ ಹಾಕಿದರೂ, ಉಗಿ ಹಾಯಿಸಿದರೂ, ಬೆಳಕಿಗೆ ಹಿಡಿದರೆ ಕಾಣುತ್ತವೆ. ಇಷ್ಟು ವರ್ಷದಲ್ಲಿ ಅದಕ್ಕೊಂದು ಉಪಾಯ ಅವಳಿಗೆ ಸಿಕ್ಕಿಲ್ಲ.

ಅವಳ ಗಂಡ ಮತ್ತು ಅಣ್ಣ ಒಂದೇ ಹಡಗಿನ ಎಂಜಿನ್ ಕೋಣೆಯಲ್ಲಿದ್ದರು. ಗೆಳೆಯನನ್ನು ಮನೆಗೆ ಕರೆತಂದು, ತಂಗಿಯ ಮದುವೆ ಕುದುರಿಸಿದವನು ಅಣ್ಣನೇ. ನಾವಿಕರಾಗಿ ಸೇರಿದವರಿಗೂ ಅಧಿಕಾರಿಗಳಾಗಲು ಒಂದು ದಾರಿಯಿದೆ. ಪರೀಕ್ಷೆ ಬರೆದು, ಆಯ್ಕೆ ಬೋರ್ಡಿನ ಮುಂದೆ ಸಂದರ್ಶನ ಎದುರಿಸಬೇಕು. ಒಟ್ಟಿಗೆ ಅರ್ಜಿ ಹಾಕೋಣ, ಒಟ್ಟಿಗೆ ಟೋಪಿ ಬದಲಾಯಿಸೋಣ ಎಂದು ಭಾವ-ಮೈದುನರು ಮಾತಾಡಿಕೊಂಡಿದ್ದರು. ಅಷ್ಟರಲ್ಲಿ ಎಂಜಿನ್ ಕೋಣೆಗೆ ಬೆಂಕಿ ಬಿತ್ತು. ಹಡಗಿನಲ್ಲಿ ಕೋಣೆಗೆ ಬೆಂಕಿ ಬಿದ್ದರೆ ಜನರನ್ನು ಹೊರಗೆ ಕಳಿಸಿ, ಉಕ್ಕಿನ ಬಾಗಿಲು ಬಿಗಿದು, ಒಳಗೆ ಅನಿಲ ಬಿಟ್ಟು ಬೆಂಕಿಯ ಉಸಿರು ಕಟ್ಟಿಸುತ್ತಾರೆ. ಬಿಗಿಯುವ ಮುನ್ನ ಬಾಗಿಲು ಬಡಿದು, ಯಾರಾದರೂ ಒಳಗಿದ್ದಾರೆಯೇ ಎಂದು ಕೂಗಬೇಕು. ಬಾಗಿಲ ಬಳಿ ನಿಂತಿದ್ದವನು ಟೈಲರಕ್ಕನ ಗಂಡ. ಬಡಿದ, ಕೂಗಿದ, ಉತ್ತರ ಬರಲಿಲ್ಲ, ಬಿಗಿದ. ಅಣ್ಣ ಒಳಗಿದ್ದ.

ತನಿಖೆಯವರು ತಪ್ಪಿಲ್ಲ ಎಂದರು. ಬಡಿದನೇ, ಕೂಗಿದನೇ ಎಂದು ಕೇಳಿ, ಹೌದೆನ್ನಿಸಿಕೊಂಡು, ಕಡತ ಮುಚ್ಚಿದರು.

ಮಗನಿಲ್ಲದ ಅಮ್ಮ ಮಗಳ ಮನೆಗೇ ಬಂದಳು. ಬೇರೆ ದಿಕ್ಕಿರಲಿಲ್ಲ. ಅಂದಿನಿಂದ ಅಳಿಯನ ಜೊತೆ ಅವಳು ಜಗಳವಾಡಿದ್ದಿಲ್ಲ, ಮಾತನ್ನೇ ಆಡಿದ್ದಿಲ್ಲ. ಅವನು ಎದುರಿಗೇ ಕೂತಿದ್ದರೂ, ‘ಅವನಿಗೆ ಇನ್ನೊಂದು ಸೌಟು ಹಾಕು’ ಎಂದು ಮಗಳಿಗೆ ಹೇಳುವಳು. ಅವನೂ ಹಾಗೆಯೇ, ‘ಅವರಿಗೆ ಮಾತ್ರೆ ಕೊಟ್ಯಾ?’ ಎನ್ನುವನು. ಮಾತು ಮನೆ ಕೆಡಿಸಿತು ಅಂತಾರೆ, ನಿಮ್ಮನೇಲಿ ಮಾತಿಲ್ದೇ ಇರೋದೇ ಕೆಡಿಸ್ತಿದೆ ಎಂದು ಅಡುಗೆಯವನ ಹೆಂಡತಿ ಒಮ್ಮೆ ಅಂದಿದ್ದಳು. ಟೈಲರಕ್ಕ ಆವತ್ತು ಅವಳ ರವಿಕೆಯನ್ನು ಹೊಲಿಯದೆ ವಾಪಸು ಕಳಿಸಿದಳು.

ಗಂಡ ಎರಡು ಸಲ ಬೋರ್ಡಿಗೆ ಹೋಗಿ ಬಂದ. ಲಿಖಿತ ಪರೀಕ್ಷೆ ಅವನಿಗೆ ನೀರು ಕುಡಿದಷ್ಟು ಸಲೀಸು. ಮೊದಲ ಸಲ ಸಂದರ್ಶನದಲ್ಲಿ ಕೇಳಿದರು: ಕೋಣೆಗೆ ಬೆಂಕಿ ಬಿದ್ದಿದೆ, ಒಬ್ಬ ಒಳಗಿರಬಹುದು, ಏನು ಮಾಡುತ್ತೀರಿ? ಎಲ್ಲರಿಗೂ ಕೇಳುವ ಪ್ರಶ್ನೆ ಅದು. ಅವನ ಬಾಯಿಗೆ ಬೀಗ ಬಿತ್ತು. ಎರಡನೆಯ ಸಲ ಉತ್ತರವನ್ನು ಬಾಯಿಪಾಠ ಮಾಡಿಕೊಂಡು ಹೋಗಿ ಒಪ್ಪಿಸಿದ. ಎದ್ದು ಸೆಲ್ಯೂಟ್ ಮಾಡಿ, ಹೊರಗೆ ಬಂದು, ಬಾಗಿಲು ಹಾಕುವ ಮುನ್ನ ತಟ್ಟಿದ. ತಟ್ಟಿ ನಿಂತ. ಒಳಗಿನಿಂದ ಯಾರೋ, ‘ಬನ್ನಿ’ ಎಂದರು. ಅವನ ಮುಖದಲ್ಲಿ ರಕ್ತವಿರಲಿಲ್ಲ ಎಂದು ಹೊರಗೆ ಸರದಿ ಕಾಯುತ್ತಿದ್ದವನು ಆಮೇಲೆ ಸಾಲಿನಲ್ಲಿ ಹೇಳಿದ. ಮತ್ತೆ ಒಳಗೆ ಹೋದವನನ್ನು ಯಾಕೆ ತಟ್ಟಿದಿರಿ ಎಂದು ಕೇಳಿದರು. ಅವನು ನಿಂತೇ ಇದ್ದ, ಹೊರಡಿ ಎನ್ನುವ ತನಕ.

ಇನ್ನು ಉಳಿದದ್ದು ಒಂದೇ ಸಲ. ಅದು ತಪ್ಪಿದರೆ ವಯಸ್ಸು ಮೀರುತ್ತದೆ. ಅಣ್ಣ ಇಬ್ಬರ ಪರವಾಗಿ ಕಂಡಿದ್ದ ಕನಸು ಇಬ್ಬರಿಗೂ ಇಲ್ಲದಂತಾಗುತ್ತದೆ ಎಂಬುದು ಟೈಲರಕ್ಕನ ಎದೆಯೊಳಗಿನ ಲೆಕ್ಕ.

ಈ ಸಾಲಿನಲ್ಲಿ ‘ಮನೆ ಬೋರ್ಡು’ ಎಂಬ ಒಂದು ಪದ್ಧತಿಯಿದೆ. ಅರ್ಜಿ ಹಾಕಿದವನ ಮನೆಯಲ್ಲಿ ಮೂವರು ಹೆಂಗಸರು ಊಟದ ಮೇಜಿನ ಹಿಂದೆ ಸಾಲಾಗಿ ಕೂರುತ್ತಾರೆ. ಅವನು ಸಮವಸ್ತ್ರ ತೊಟ್ಟು, ಹೊರಗೆ ಹೋಗಿ, ತಟ್ಟಿ ಬರಬೇಕು. ಗಂಡಸರನ್ನು ಕೂರಿಸಿದರೆ ಹಡಗಿನ ಹರಟೆಗೆ ಇಳಿಯುತ್ತಾರೆ, ಹೆಂಗಸರಾದರೆ ಕಾಲು ಅಲ್ಲಾಡಿಸಿದ್ದನ್ನೂ ಬಿಡುವುದಿಲ್ಲ. ಕೂತಷ್ಟು ಹೊತ್ತು ಗಂಡನಿಲ್ಲ, ನೆರೆಯವನಿಲ್ಲ. ‘ನೀವು’, ‘ಮೇಡಂ’ ಅಷ್ಟೇ. ನಡುವೆ ನಕ್ಕವರು ಎಲ್ಲರಿಗೂ ಚಹಾ ಮಾಡಬೇಕು.

ಆ ಭಾನುವಾರ ಮಧ್ಯಾಹ್ನ ಟೈಲರಕ್ಕ, ಅಡುಗೆಯವನ ಹೆಂಡತಿ ಕೂತಾಗಿತ್ತು. ಮೂರನೆಯವಳಿಗೆ ಜ್ವರವೆಂದು ಸುದ್ದಿ ಬಂತು. ಅಡುಗೆಮನೆಯಿಂದ ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ನಡುವಿನ ಕುರ್ಚಿ ಎಳೆದುಕೊಂಡಳು.

‘ನಾನು ಕೂತ್ಕೋತೀನಿ’ ಎಂದಳು.

ನಡುವಿನ ಕುರ್ಚಿ ಅಧ್ಯಕ್ಷರದ್ದು. ಟೈಲರಕ್ಕ ತನ್ನ ಕುರ್ಚಿಯನ್ನು ತುಸು ಸರಿಸಿ ಜಾಗ ಮಾಡಿದಳು. ಗಂಡ ತಟ್ಟಿ ಒಳಗೆ ಬಂದು, ನಡುವೆ ಕೂತವರನ್ನು ಕಂಡು, ಸೆಲ್ಯೂಟ್ ಹೊಡೆದ. ಅಡುಗೆಯವನ ಹೆಂಡತಿ ಎಂಜಿನ್ನಿನ ಬಗ್ಗೆ ಬರೆದುಕೊಂಡಿದ್ದನ್ನು ಕೇಳಿದಳು, ಉತ್ತರ ಸರಿಯೋ ತಪ್ಪೋ ಗೊತ್ತಾಗದೆ ತಲೆಯಾಡಿಸಿದಳು. ಆಮೇಲೆ ಅಮ್ಮ ಬಾಯಿ ತೆರೆದಳು. ಏಳು ವರ್ಷಗಳಲ್ಲಿ ಅವನಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

‘ಬೆಂಕಿ ಬಿದ್ದಿದೆ. ಒಬ್ಬ ಒಳಗಿರಬಹುದು. ನೀವೇನು ಮಾಡ್ತೀರಿ?’

‘ಬಾಗಿಲು ಬಡಿದು ಕೂಗ್ತೀನಿ, ಮೇಡಂ. ಉತ್ತರ ಬರದಿದ್ರೆ ಮುಚ್ತೀನಿ.’

‘ಮುಚ್ಚಿದ ಮೇಲೆ?’

ಆ ಪ್ರಶ್ನೆ ಯಾರ ಪಟ್ಟಿಯಲ್ಲೂ ಇರಲಿಲ್ಲ. ತನಿಖೆಯವರೂ ಕೇಳಿರಲಿಲ್ಲ. ಟೈಲರಕ್ಕ ಮೇಜಿನ ಕೆಳಗೆ ತನ್ನ ಸೀರೆಯ ನೆರಿಗೆ ಹಿಡಿದುಕೊಂಡಳು. ಇಷ್ಟು ಕಾಲ ಅಮ್ಮ ನುಂಗಿಕೊಂಡಿದ್ದು ಸಿಟ್ಟಲ್ಲ, ಈ ಪ್ರಶ್ನೆ ಎಂದು ಅವಳಿಗೆ ಆಗ ಹೊಳೆಯಿತು.

‘ಮುಚ್ಚಿದ ಮೇಲೆ ತಟ್ಟಿದ, ಮೇಡಂ’ ಎಂದ ಗಂಡ. ಕಣ್ಣು ಗೋಡೆಯ ಮೇಲಿತ್ತು, ದನಿ ಮಾತ್ರ ಬೋರ್ಡಿನ ಮುಂದೆ ಇರಬೇಕಾದ ಹಾಗೆಯೇ ಇತ್ತು. ‘ಒಳಗಿಂದ.’

‘ನೀವು?’

‘ನಾನೂ ತಟ್ಟಿದೆ. ಇಲ್ಲೇ ಇದ್ದೀನಿ ಅಂತ. ಅವನು ತಟ್ಟಿದ, ನಾನು ತಟ್ಟಿದೆ. ಕೊನೇಗೆ ನಾನು ತಟ್ಟಿದ್ದಕ್ಕೆ ಉತ್ತರ ಬರಲಿಲ್ಲ.’

‘ತೆಗೆದಿದ್ರೆ?’

‘ಬೆಂಕಿ ಹೊರಗೆ ಬರ್ತಿತ್ತು. ಮೇಲಿನ ಕೋಣೇಲಿ ಮದ್ದುಗುಂಡು. ಎಲ್ಲರೂ ಹೋಗ್ತಿದ್ವಿ, ಮೇಡಂ.’

ಅಮ್ಮ ಮೇಜಿನ ಮೇಲೆ ಬಿದ್ದಿದ್ದ ದಾರದ ತುಂಡೊಂದನ್ನು ಎತ್ತಿ, ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು.

‘ಅವನು ಒಬ್ಬನೇ ಇರಲಿಲ್ಲ ಹಾಗಾದ್ರೆ’ ಎಂದಳು. ಅದು ಪ್ರಶ್ನೆಯಾಗಿರಲಿಲ್ಲ. ಆಮೇಲೆ ಪಕ್ಕಕ್ಕೆ ತಿರುಗಿ, ‘ನೀವು ಕೇಳಿ’ ಎಂದಳು.

ಅಡುಗೆಯವನ ಹೆಂಡತಿ ಚೀಟಿಯ ಮೇಲೆ ಕಣ್ಣು ಆಡಿಸಿ, ಸಣ್ಣ ದನಿಯಲ್ಲಿ, ‘ನಿಮ್ಮ ಹವ್ಯಾಸಗಳೇನು?’ ಎಂದು ಓದಿದಳು.

ಅಮ್ಮ ನಕ್ಕಳು. ಅಳುವಿಗೆ ಅಷ್ಟೇ ಹತ್ತಿರವಾಗಿದ್ದರೂ ಅದು ನಗುವೇ. ನಕ್ಕವಳು ಪದ್ಧತಿಯಂತೆ ಎದ್ದು ಹೋಗಿ ಚಹಾ ಮಾಡಿದಳು. ಮೊದಲ ಲೋಟವನ್ನು ತಾನೇ ತಂದು ಅಳಿಯನ ಕೈಗೆ ಕೊಟ್ಟಳು.

ನಿಜವಾದ ಬೋರ್ಡಿನಲ್ಲಿ ಅದೇ ಪ್ರಶ್ನೆ ಬಂತಂತೆ. ಮುಚ್ಚುತ್ತೇನೆ, ಮುಚ್ಚಿದ ಮೇಲೆ ಅಲ್ಲೇ ನಿಲ್ಲುತ್ತೇನೆ ಎಂದನಂತೆ. ಹೊರಗೆ ಬರುವಾಗ ತಟ್ಟಿದ್ರಾ ಎಂದು ಟೈಲರಕ್ಕ ಕೇಳಿದಳು. ‘ಬಾಗಿಲೇ ಹಾಕಲಿಲ್ಲ ಕಣೇ. ತೆಗೆದಿಟ್ಟೇ ಬಂದೆ. ಯಾರೋ ಎದ್ದು ಹಾಕ್ಕೊಂಡ್ರು’ ಎಂದ. ಅದಕ್ಕೆ ಅಂಕ ಕಳೆದರೋ ಬಿಟ್ಟರೋ, ಆಯ್ಕೆಯಾದವರಲ್ಲಿ ಅವನ ಹೆಸರಿತ್ತು.

ತರಬೇತಿಗೆ ಹೊರಟ ಬೆಳಿಗ್ಗೆ, ಪೆಟ್ಟಿಗೆ ಹೊರಗಿಟ್ಟು, ರೂಢಿಯಂತೆ ಬಾಗಿಲ ಕಡೆ ಕೈ ಎತ್ತಿದ. ಅಮ್ಮ ಒಳಗಿನಿಂದ ಬಂದು ಆ ಕೈ ಇಳಿಸಿದಳು.

‘ನೀನು ಹೊರಡಪ್ಪ. ನಾನು ಹಾಕ್ಕೋತೀನಿ.’

ಅವನು ಮೆಟ್ಟಿಲಿಳಿದು ಹೋದ. ಟೈಲರಕ್ಕ ಅವನ ಹಳೆಯ ಅಂಗಿಯ ತೋಳಿನ ಪಟ್ಟಿ ಬಿಚ್ಚಲು ಕೂತಳು. ದಾರ ಹೋದರೂ ಅದರ ಗುರುತು ಹೋಗಲಿಲ್ಲ.

ಈಗ ಮನೆಯಲ್ಲಿ ಇಬ್ಬರೇ. ಸಂಜೆ ದೀಪ ಹಾಕುವ ಹೊತ್ತಿಗೆ ಅಮ್ಮ ಒಂದೊಂದೇ ಬಾಗಿಲು ಹಾಕುತ್ತಾ ಬರುತ್ತಾಳೆ. ಯಾರೂ ಮಲಗದ ಒಳಕೋಣೆಯ ಬಳಿ ಬಂದಾಗ ಬೆರಳ ಗೆಣ್ಣಿನಿಂದ ತಟ್ಟಿ, ಬಾಗಿಲಿಗೆ ಕಿವಿ ಕೊಟ್ಟು ನಿಲ್ಲುತ್ತಾಳೆ. ಅಳಿಯ ನಿಲ್ಲುತ್ತಿದ್ದುದಕ್ಕಿಂತ ಹೆಚ್ಚು ಹೊತ್ತು. ಯಾಕಮ್ಮ ಎಂದು ಮಗಳು ಕೇಳಿಲ್ಲ. ಯಂತ್ರದ ಚಕ್ರದ ಮೇಲೆ ಅಂಗೈಯಿಟ್ಟು, ಸೂಜಿಯನ್ನು ಬಟ್ಟೆಯಲ್ಲೇ ನಿಲ್ಲಿಸಿ, ಅವಳೂ ಕಾಯುತ್ತಾಳೆ. ಚಿಲಕ ಬಿದ್ದ ಸದ್ದು ಕೇಳಿದ ಮೇಲೆಯೇ ಚಕ್ರ ತಿರುಗುವುದು.